'ಫ್ಲೈಟ್ ಶಾಟ್ ಗ್ಯಾರಂಟಿ' ಅಂದವರಿಗೆ ದುಡ್ಡು ಕಳಿಸಬೇಡಿ

ಚಳಿಗಾಲ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಈ ಜಾಹೀರಾತು ಶುರುವಾಗುತ್ತದೆ. ಭಾನುವಾರ ಬೆಳಿಗ್ಗೆ ಹಕ್ಕಿ ಫೋಟೋಗ್ರಫಿ, ಬೆಂಗಳೂರಿನಿಂದ ಬರೀ ಒಂದು ಗಂಟೆ, ತಿಂಡಿ ಕಾಫಿ ಸೇರಿ ತಲೆಗೆ 3,500 ರೂಪಾಯಿ. ಕೆಳಗೆ ದಪ್ಪ ಅಕ್ಷರದಲ್ಲಿ 'ಫ್ಲೈಟ್ ಶಾಟ್ ಗ್ಯಾರಂಟಿ', ಅಂದರೆ ಹಾರುವ ಹಕ್ಕಿಯ ಫೋಟೋ ಸಿಕ್ಕೇ ಸಿಗುತ್ತದೆ ಅಂತ. ಆ ಕೊನೆಯ ಸಾಲು ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಗ್ಯಾರಂಟಿ ಹೇಗೆ ಕೊಡುತ್ತಾರೆ ಅಂತ ಕಣ್ಣಾರೆ ನೋಡಿ ಬಂದಿದ್ದೇನೆ.

ಕೆ.ಆರ್. ಪುರದ ಹತ್ತಿರ ವ್ಯಾನಿಗೆ ಹತ್ತಿಸಿಕೊಂಡರು. ಹೋಗಿದ್ದು ಹೊಸಕೋಟೆ ಆಚೆಯ ಒಂದು ಕೆರೆಗೆ. ಹೆಸರು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಮುಂದಿನ ಭಾನುವಾರ ಅದರ ಏರಿ ಮೇಲೆ ಕಾರು ನಿಲ್ಲಿಸಲೂ ಜಾಗ ಇರುವುದಿಲ್ಲ.

ಕೆರೆ ಮಾತ್ರ ಚೆನ್ನಾಗಿತ್ತು. ನಡುನೀರಲ್ಲಿ ಸೂಜಿಬಾಲದ ಬಾತುಗಳ ದೊಡ್ಡ ಹಿಂಡು, ಅಂದರೆ ನಮ್ಮ ಪಿನ್‌ಟೇಲ್. ಅವುಗಳ ನಡುವೆ ಅಲ್ಲಲ್ಲಿ ಗಾರ್ಗನಿ ಬಾತುಗಳು. ಜೊಂಡಿನ ಅಂಚಿಗೆ ನಾಮದ ಕೋಳಿಗಳು ಮೇಯುತ್ತಿದ್ದವು. ಸುಮ್ನೆ ಕೂತಿದ್ದರೂ ಒಳ್ಳೆಯ ಫೋಟೋ ಸಿಗುತ್ತಿತ್ತು.

ಕೂರಲು ಬಿಟ್ಟರೆ ತಾನೇ? ನಾವು ಟ್ರೈಪಾಡ್ ಬಿಚ್ಚುವಷ್ಟರಲ್ಲಿ ಕರೆದುಕೊಂಡು ಹೋದ ಆಸಾಮಿ, "ಎಲ್ಲಾ ರೆಡಿನಾ ಸಾರ್? ಶಟರ್ ಎರಡು ಸಾವಿರದ ಮೇಲೆ ಇಟ್ಕೊಳ್ಳಿ" ಅಂತ ಕೂಗಿದ. ಆಚೆ ದಡಕ್ಕೆ ಕೈ ಬೀಸಿದ. ಅಲ್ಲಿದ್ದ ಹುಡುಗ ಪಟಾಕಿ ಹಚ್ಚಿ ನೀರಿನ ಕಡೆ ಎಸೆದ.

ಇಡೀ ಕೆರೆಯೇ ಎದ್ದಿತು. ಬಾತುಗಳು ನಿಂತಲ್ಲಿಂದಲೇ ಮೇಲಕ್ಕೆ ನೆಗೆಯುತ್ತವೆ. ನಾಮದ ಕೋಳಿಗೆ ಅದು ಆಗುವುದಿಲ್ಲ, ನೀರಿನ ಮೇಲೆ ಪಟಪಟ ಓಡಿಯೇ ಏಳಬೇಕು. ಒಂದರ ಮೇಲೊಂದು ಬಿದ್ದು ಓಡಿದವು. ಪಕ್ಕದಲ್ಲಿ ಕ್ಯಾಮೆರಾಗಳು ಚಟಚಟ ಅನ್ನುತ್ತಿದ್ದವು. ದನ ಮೇಯಿಸುತ್ತಿದ್ದ ಅಜ್ಜ ಒಬ್ಬರು ಏರಿ ಮೇಲಿಂದಲೇ ಕೇಳಿದರು, "ಏನ್ರಪ್ಪಾ, ದೀಪಾವಳಿ ಮುಗ್ದು ಎಷ್ಟು ದಿನ ಆಯ್ತು?" ಯಾರೂ ಬಾಯಿ ಬಿಡಲಿಲ್ಲ.

ಹಿಂಡು ಎರಡು ಸುತ್ತು ಹಾಕಿ ಮತ್ತೆ ಇಳಿಯಿತು. ಫೋಟೋ ಸರಿ ಬರಲಿಲ್ಲ ಅಂತ ಯಾರೋ ಗೊಣಗಿದರು. ಅಷ್ಟು ಸಾಕಾಯಿತು, ಈ ಸಲ ತೆಪ್ಪವನ್ನೇ ಹಿಂಡಿನ ಕಡೆಗೆ ಬಿಟ್ಟರು. ಅದು ಜೊಂಡನ್ನು ಸವರಿಕೊಂಡೇ ಹೋಯಿತು. ಅಲ್ಲೊಂದು ಗುಳುಮುಳುಕ ಅನ್ನುವ ಪುಟ್ಟ ನೀರುಹಕ್ಕಿಯ ಗೂಡಿತ್ತು. ಗೂಡು ಅಂದರೆ ನೀರಲ್ಲಿ ತೇಲುವ ಕೊಳೆತ ಜೊಂಡಿನ ಮುದ್ದೆ, ಗೊತ್ತಿಲ್ಲದವರ ಕಣ್ಣಿಗೆ ಕಸದ ಹಾಗೆ ಕಾಣುತ್ತದೆ. ಈ ಹಕ್ಕಿ ಗೂಡು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಪಾಚಿ, ಎಲೆ ಎಳೆದು ಮುಚ್ಚಿ ಹೋಗುತ್ತದೆ. ತೆಪ್ಪ ಮೈಮೇಲೇ ಬಂದರೆ ಅದಕ್ಕೆಲ್ಲ ಹೊತ್ತೆಲ್ಲಿ? ಹಕ್ಕಿ ಹಾಗೇ ನೀರಿಗೆ ಮುಳುಗಿತು. ಮಾಸಲು ಬಿಳಿ ಮೊಟ್ಟೆಗಳು ತೆರೆದೇ ಬಿದ್ದಿದ್ದವು. ಕಾಗೆ ಬಂದು ಒಂದನ್ನು ಕುಕ್ಕಿದ್ದು ನನ್ನ ಲೆನ್ಸಿನಲ್ಲೇ ಕಾಣಿಸಿತು.

ಏನ್ರೀ ಇದು ಅಂತ ಆ ಆಸಾಮಿಯನ್ನು ಕೇಳಿದೆ. "ಹಕ್ಕಿ ಅಂದ್ಮೇಲೆ ಹಾರ್ಲೇಬೇಕಲ್ವಾ ಸಾರ್" ಅಂತ ನಕ್ಕ. ದುಡ್ಡು ವಾಪಸ್ ಕೇಳಿದ್ದಕ್ಕೆ ಮುಂದಿನ ಬ್ಯಾಚಿಗೆ ಫ್ರೀ ಬನ್ನಿ ಅಂದ. ಸಂಜೆಯೊಳಗೆ ಗ್ರೂಪಿನಿಂದ ತೆಗೆದು, ನಂಬರನ್ನೂ ಬ್ಲಾಕ್ ಮಾಡಿದ್ದ.

ಪಿನ್‌ಟೇಲ್, ಗಾರ್ಗನಿ ಹಿಮಾಲಯದ ಆಚೆಯಿಂದ ಹಾರಿ ಬಂದು ಇಲ್ಲಿ ಚಳಿಗಾಲ ಕಳೆಯುತ್ತವೆ. ವಾಪಸ್ ಹೋಗುವುದರೊಳಗೆ ತಿಂದು ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕು. ಹೆದರಿಸಿ ಎಬ್ಬಿಸಿದಷ್ಟೂ ತಿನ್ನುವ ಹೊತ್ತು ಹೋಗುತ್ತದೆ, ಶಕ್ತಿಯೂ ಹೋಗುತ್ತದೆ. ಜಾಸ್ತಿ ಕಾಟ ಕೊಟ್ಟರೆ ಆ ಕೆರೆಯನ್ನೇ ಬಿಡುತ್ತವೆ. ಕಾನೂನಂತೂ ಸ್ಪಷ್ಟವಾಗಿದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಬೇಟೆ ಅಂತಲೇ ಎಣಿಸುತ್ತದೆ. ಅಟ್ಟುವುದೂ ಅದರಲ್ಲೇ ಬರುತ್ತದೆ. ಇಂಥದ್ದು ಕಣ್ಣಿಗೆ ಬಿದ್ದರೆ ವಿಡಿಯೋ ಮಾಡಿಕೊಳ್ಳಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದಾದರೂ ಏನು ಅಂದರೆ ಬಾತುಗಳ ಹಿಂಭಾಗ. ಹೆದರಿದ ಹಕ್ಕಿ ನಮ್ಮ ಕಡೆ ಮುಖ ಮಾಡಿ ಹಾರುತ್ತದಾ? ಅದಕ್ಕೆ 3,500 ರೂಪಾಯಿ.

ಹಾರುವ ಬಾತೇ ಬೇಕಿದ್ದರೆ ಬೆಳಕು ಹರಿಯುವ ಮುಂಚೆ ಹೋಗಿ, ಪೂರ್ವದ ದಡದಲ್ಲಿ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನೆಲಕ್ಕೆ ಕೂತುಬಿಡಿ. ರಾತ್ರಿ ಗದ್ದೆ, ಜೌಗಿನಲ್ಲಿ ಮೇಯಲು ಹೋದ ಬಾತುಗಳು ಆ ಹೊತ್ತಿಗೆ ತಾವೇ ವಾಪಸ್ ಬರುತ್ತವೆ. ಇಳಿಯುವಾಗ ಗಾಳಿಗೆ ಎದುರಾಗಿ ಇಳಿಯುತ್ತವೆ, ಹಾಗಾಗಿ ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುತ್ತಿದ್ದರೆ ಮುಖವೇ ಸಿಗುತ್ತದೆ. ಸೆಳೆವ ಅನ್ನುವ ಬೇಟೆಗಾರ ಗಿಡುಗ ಜೊಂಡಿನ ಮೇಲೆ ಒಂದು ಸುತ್ತು ಬಂದರೂ ಸಾಕು, ಇಡೀ ಹಿಂಡು ಏಳುತ್ತದೆ. ಅದು ಅವುಗಳ ನಡುವಿನ ವ್ಯವಹಾರ, ನಮ್ಮದಲ್ಲ. ನಿಮ್ಮನ್ನು ಕಂಡು ಬಾತುಗಳು ಕತ್ತು ನೆಟ್ಟಗೆ ಮಾಡಿ ಒಟ್ಟಿಗೆ ಸೇರತೊಡಗಿದರೆ ಹತ್ತಿರ ಬಂದಿದ್ದು ಜಾಸ್ತಿ ಆಯಿತು ಅಂತ ಅರ್ಥ. ಎರಡು ಹೆಜ್ಜೆ ಹಿಂದೆ ಸರಿಯಿರಿ.

ದೋಣಿಯಲ್ಲೇ ಕೂತು ತೆಗೆಯುವ ಆಸೆ ಇದ್ದರೆ ರಂಗನತಿಟ್ಟಿಗೆ ಹೋಗಿ. 1940ರಿಂದ ಪಕ್ಷಿಧಾಮ, ಅರಣ್ಯ ಇಲಾಖೆಯದೇ ದೋಣಿ, ಟಿಕೆಟ್ ಕೊಟ್ಟೇ ಹತ್ತಿಸುತ್ತಾರೆ. ದೂರ ಅನ್ನುವುದೊಂದೇ ತಕರಾರು.

ಅದೇ ಆಸಾಮಿ ಈಗ ಬೇರೆ ಹೆಸರಿನಲ್ಲಿ, ಬೇರೆ ಗ್ರೂಪಿನಲ್ಲಿ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಟ್ರಿಪ್ ಅಂತ ಹಾಕುತ್ತಿದ್ದಾನೆ. ಎಲ್ಲಾ ಟ್ರಿಪ್ಪಿನವರೂ ಇಂಥವರಲ್ಲ. ಯಾರೇ ಆಗಲಿ, ದುಡ್ಡು ಹಾಕುವ ಮುಂಚೆ ಫೋನ್ ಮಾಡಿ, ಹಕ್ಕಿ ಹಾರದಿದ್ದರೆ ಏನು ಮಾಡುತ್ತೀರಿ ಅಂತ ಕೇಳಿ. "ಅದು ನಮಗೆ ಬಿಡಿ ಸಾರ್" ಅಂದರೆ ಫೋನ್ ಇಟ್ಟುಬಿಡಿ.