ಪ್ಲೈವುಡ್ ಕೊಯ್ಯುವ ಮೊದಲು: ಬೇಸ್ ಬಾಕ್ಸ್ ಕಟ್ಟುವವರಿಗೆ ವಿನ್‌ಐಎಸ್‌ಡಿ

ಸ್ವಂತ ಬೇಸ್ ಬಾಕ್ಸ್ ಕಟ್ಟಿಸಲು ಹೊರಟವರ ದುಡ್ಡು ಹಾಳಾಗುವುದು ಹೆಚ್ಚಾಗಿ ಒಂದೇ ಕಡೆ, ಬಾಕ್ಸ್‌ನ ಅಳತೆಯಲ್ಲಿ. ಯಾರದೋ ಹಳೇ ಬಾಕ್ಸ್‌ಗೆ ಟೇಪ್ ಹಿಡಿಯುತ್ತಾರೆ. ಅದೇ ಸೈಜಿಗೆ ಹೊಸದು ಮಾಡಿಸುತ್ತಾರೆ. ಒಳಗೆ ಬೇರೆ ಸ್ಪೀಕರ್ ಕೂರಿಸುತ್ತಾರೆ. ಆಮೇಲೆ ನುಡಿಸಿದರೆ ಒಂದು ಸ್ವರ ಗುಂಯ್ ಅಂತ ಇಡೀ ಪೆಂಡಾಲ್ ತುಂಬುತ್ತದೆ, ಅದರ ಪಕ್ಕದ ಸ್ವರ ಕೇಳಿಸುವುದೇ ಇಲ್ಲ. ಸ್ಪೀಕರ್ ಸರಿ ಇಲ್ಲ ಅಂತ ಬೈಯುತ್ತಾರೆ. ಪಾಪ, ಸ್ಪೀಕರ್ ಸರಿಯಾಗೇ ಇರುತ್ತದೆ. ಅದಕ್ಕೆ ಬೇಕಾದಷ್ಟು ಗಾಳಿಯ ಜಾಗ ಸಿಕ್ಕಿರುವುದಿಲ್ಲ, ಅಷ್ಟೆ.

ನಾನು ಹಾಸನದ ಕಡೆ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ನುಡಿಸುವವನು. ಗಣಪತಿ ಕೂರಿಸಿದಲ್ಲಿಂದ ರಾಜ್ಯೋತ್ಸವ ಮುಗಿಯುವವರೆಗೆ ನಮಗೆ ಬಿಡುವಿಲ್ಲ. ನನ್ನ ಬಾಕ್ಸ್‌ಗಳನ್ನು ನಾನೇ ಲೆಕ್ಕ ಹಾಕಿ, ಊರಿನ ಆಚಾರಿಯೊಬ್ಬರ ಕೈಲಿ ಮಾಡಿಸುತ್ತೇನೆ. ಆ ಲೆಕ್ಕಕ್ಕೆ ನಾನು ನೆಚ್ಚಿಕೊಂಡಿರುವುದು ವಿನ್‌ಐಎಸ್‌ಡಿ ಅನ್ನುವ ಪುಟ್ಟ ಸಾಫ್ಟ್‌ವೇರನ್ನು. ಲೀನಿಯರ್‌ಟೀಮ್ ಅನ್ನುವ ತಂಡದ್ದು. ಪೂರ್ತಿ ಉಚಿತ. ವಿಂಡೋಸ್ ಇರುವ ಹಳೇ ಲ್ಯಾಪ್‌ಟಾಪ್ ಇದ್ದರೂ ಸಾಕು. ಮೊಬೈಲ್‌ನಲ್ಲಿ ಓಡುವುದಿಲ್ಲ.

ಇದರ ಹಿಂದಿನ ಲೆಕ್ಕ ಹೊಸದೇನಲ್ಲ. ಆಸ್ಟ್ರೇಲಿಯಾದ ಇಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ತೂತಿರುವ (ಗಾಳಿ ಓಡಾಡಲು ಪೈಪ್ ಕೂರಿಸಿದ) ಸ್ಪೀಕರ್ ಬಾಕ್ಸ್‌ಗಳ ಬಗ್ಗೆ ಒಂದು ಲೇಖನ ಬರೆದರು. 1970ರ ದಶಕದ ಮೊದಲ ವರ್ಷಗಳಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಒಂದು ಸ್ಪೀಕರ್‌ನ ಗುಣವನ್ನು ಕೆಲವೇ ಅಂಕಿಗಳಲ್ಲಿ ಹಿಡಿಯಬಹುದು, ಆ ಅಂಕಿಗಳಿಂದ ಬಾಕ್ಸ್ ಎಷ್ಟು ದೊಡ್ಡದಿರಬೇಕು, ಪೈಪ್ ಎಷ್ಟುದ್ದ ಇರಬೇಕು ಅಂತ ಹೇಳಬಹುದು. ಇದೇ ಅವರ ಕೆಲಸದ ತಿರುಳು. ಇವತ್ತು ಒಳ್ಳೆಯ ಕಂಪನಿಗಳು ಸ್ಪೀಕರ್ ಜೊತೆ ಕೊಡುವ ಹಾಳೆಯಲ್ಲಿ ಥೀಲ್-ಸ್ಮಾಲ್ ಅಂತ ಕಾಣುವ ಅಂಕಿಗಳು ಇವೇ. ಎಫ್‌ಎಸ್ (ಸ್ಪೀಕರ್ ತಾನಾಗಿ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ, ಹರ್ಟ್ಝ್ ಲೆಕ್ಕದಲ್ಲಿ), ಕ್ಯೂಟಿಎಸ್ (ಆ ಅದುರು ಎಷ್ಟು ಬೇಗ ಅಡಗುತ್ತದೆ ಅನ್ನುವ ಅಳತೆ), ವಿಎಎಸ್ (ಸ್ಪೀಕರ್‌ನ ಬಿಗಿಗೆ ಸಮನಾದ ಗಾಳಿಯ ಗಾತ್ರ), ಎಕ್ಸ್‌ಮ್ಯಾಕ್ಸ್ (ಸ್ಪೀಕರ್‌ನ ಮುಂದೆ ಹಿಂದೆ ಆಡುವ ಭಾಗ, ಅಂದರೆ ಕೋನ್, ಶುದ್ಧವಾಗಿ ಆಡಬಲ್ಲ ದೂರ) ಹೀಗೆ.

ಆ ಹಾಳೆ ಇಲ್ಲದ ಸ್ಪೀಕರ್ ಕೊಳ್ಳಬೇಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಅಂಗಡಿಯವರು ಮ್ಯಾಗ್ನೆಟ್ ಮೇಲೆ 1000 ವ್ಯಾಟ್ ಅಂತ ಸ್ಟಿಕ್ಕರ್ ಅಂಟಿಸಿದ ಸ್ಪೀಕರ್ ನನ್ನ ಮುಂದಿಟ್ಟರು. ಎಫ್‌ಎಸ್ ಎಷ್ಟು ಅಂತ ಕೇಳಿದರೆ, "ಸಾರ್, ವ್ಯಾಟ್ ನೋಡಿ, ಅದೆಲ್ಲ ಯಾಕೆ" ಅಂದರು. ನನಗೆ ಆ ಮಾತು ನಿಜಕ್ಕೂ ಬೇಜಾರು ಮಾಡಿತು. ಹೊಸದಾಗಿ ಬಾಕ್ಸ್ ಕಟ್ಟುವ ಹುಡುಗರು ಸಾಲ ಮಾಡಿ ದುಡ್ಡು ತರುತ್ತಾರೆ. ಅವರಿಗೆ ಬರೀ ವ್ಯಾಟ್ ತೋರಿಸಿ ಮಾರುವುದು ಸರಿಯಲ್ಲ. ವ್ಯಾಟ್ ಅನ್ನುವುದು ಸ್ಪೀಕರ್ ಒಳಗಿನ ತಂತಿಯ ಕಾಯಿಲ್ ಸುಡದೆ ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ. ಕೋನ್ ಎಷ್ಟು ದೂರ ಆಡಬಲ್ಲದು ಅನ್ನುವುದು ಬೇರೆಯೇ ವಿಷಯ. ಬೇಸ್‌ಗೆ ಬೇಕಿರುವುದು ಎರಡನೆಯದು.

ಇದು ವಿನ್‌ಐಎಸ್‌ಡಿಯಲ್ಲಿ ಕಣ್ಣಿಗೇ ಕಾಣುತ್ತದೆ. ಒಂದು 12 ಇಂಚಿನ ಸ್ಪೀಕರ್ ತಗೊಳ್ಳಿ. ಎಫ್‌ಎಸ್ 45 ಹರ್ಟ್ಝ್, ಕ್ಯೂಟಿಎಸ್ 0.38, ವಿಎಎಸ್ 80 ಲೀಟರ್, ಎಕ್ಸ್‌ಮ್ಯಾಕ್ಸ್ 5 ಮಿಲಿಮೀಟರ್, ಪವರ್ 300 ವ್ಯಾಟ್. ಬೇಸ್‌ಗೆ ಬಳಸುವ ಸ್ಪೀಕರ್‌ಗಳಲ್ಲಿ ಇಂಥ ಅಂಕಿಗಳು ಸಾಮಾನ್ಯ. ಇವನ್ನು ತುಂಬಿ, ತೂತಿರುವ ಬಾಕ್ಸ್ ಅಂತ ಆರಿಸಿ, 70 ಲೀಟರ್ ಜಾಗ ಕೊಟ್ಟು 45 ಹರ್ಟ್ಝ್‌ಗೆ ಟ್ಯೂನ್ ಮಾಡಿ. ಟ್ಯೂನ್ ಅಂದರೆ ಪೈಪ್‌ನ ಗಾಳಿ ಯಾವ ಸ್ವರಕ್ಕೆ ಜೋರಾಗಿ ಅದುರಬೇಕು ಅಂತ ಗೊತ್ತುಮಾಡುವುದು. ಯಾವ ಸ್ವರ ಎಷ್ಟು ಜೋರು ಅಂತ ತೋರಿಸುವ ಗ್ರಾಫ್‌ನ ಗೆರೆ ನೇರವಾಗಿ ಬಂದು 45ರ ಹತ್ತಿರ 3 ಡೆಸಿಬಲ್ ಇಳಿಯುತ್ತದೆ. ಬೇಸ್ ಗಿಟಾರ್‌ನ ದಪ್ಪ ಇ ತಂತಿ ಖಾಲಿ ನುಡಿಸಿದರೆ 41 ಹರ್ಟ್ಝ್. ಅಂದರೆ ನಾಲ್ಕು ತಂತಿಯ ಗಿಟಾರ್‌ಗೆ ಇದು ಚೆನ್ನಾಗಿ ಸಾಲುತ್ತದೆ.

ಈಗ ಬಾಕ್ಸನ್ನು 40 ಲೀಟರ್‌ಗೆ ಇಳಿಸಿ ನೋಡಿ. ಟ್ಯೂನಿಂಗ್ ಹಾಗೇ ಇರಲಿ. 45 ಹರ್ಟ್ಝ್‌ನಲ್ಲಿ ಗೆರೆ ಇನ್ನೂ 4 ಡೆಸಿಬಲ್‌ನಷ್ಟು ಕುಸಿಯುತ್ತದೆ. ಅದನ್ನು ಆಂಪ್ಲಿಫೈಯರ್‌ನಿಂದ ತುಂಬಿಸುತ್ತೇನೆ ಅಂದರೆ ಎರಡೂವರೆ ಪಟ್ಟು ಪವರ್ ಬೇಕು. ಸ್ಕೂಟರ್ ಮೇಲೆ ಇಟ್ಟುಕೊಂಡು ಹೋಗುವಷ್ಟು ಚಿಕ್ಕ ಬಾಕ್ಸ್ ಬೇಕು, ಆದರೆ ನೆಲ ನಡುಗಬೇಕು ಅಂತ ಕೇಳುವವರಿಗೆ ನಾನು ಈ ಎರಡು ಗೆರೆಗಳನ್ನು ತೋರಿಸುತ್ತೇನೆ. ಚಿಕ್ಕ ಬಾಕ್ಸ್, ಆಳದ ಸ್ವರ, ಜೋರು ಸದ್ದು ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಅಮೆರಿಕದ ಕೆಎಲ್‌ಎಚ್ ಕಂಪನಿ ಕಟ್ಟಿದ ಮೂವರಲ್ಲಿ ಒಬ್ಬರಾದ ಜೋಸೆಫ್ ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಈ ನಿಯಮ ನಿಂತಿದೆ. ಅದನ್ನು ಮೀರಿದ ಬಾಕ್ಸ್ ಇವತ್ತಿಗೂ ಯಾರೂ ಮಾಡಿಲ್ಲ.

ಆದರೆ ವಿನ್‌ಐಎಸ್‌ಡಿಯ ನಿಜವಾದ ಬೆಲೆ ಇರುವುದು ಕೋನ್ ಎಷ್ಟು ಆಡುತ್ತದೆ ಅಂತ ತೋರಿಸುವ ಗ್ರಾಫ್‌ನಲ್ಲಿ. ಜಾಸ್ತಿ ಜನ ಇದನ್ನು ತೆರೆಯುವುದೇ ಇಲ್ಲ. ತೆರೆದರೂ ಸಿಗ್ನಲ್ ಅನ್ನುವ ಜಾಗದಲ್ಲಿ ಪವರ್ 1 ವ್ಯಾಟ್ ಅಂತಲೇ ಇರುತ್ತದೆ. 1 ವ್ಯಾಟ್‌ಗೆ ಎಲ್ಲ ಸ್ಪೀಕರೂ ಸುರಕ್ಷಿತವಾಗೇ ಕಾಣುತ್ತದೆ ಅಲ್ವಾ? ಅಲ್ಲಿ 300 ಅಂತ ಬರೆಯಿರಿ. ನಮ್ಮ ಉದಾಹರಣೆಯ ಸ್ಪೀಕರ್ 65 ಹರ್ಟ್ಝ್ ಹತ್ತಿರ 5 ಮಿಲಿಮೀಟರ್ ಗೆರೆಯನ್ನು ದಾಟಿ 8ಕ್ಕೆ ಹೋಗುತ್ತದೆ. 65 ಹರ್ಟ್ಝ್ ಅಂದರೆ ಎ ತಂತಿಯ ಮೂರನೇ ಮನೆಯ (ಫ್ರೆಟ್‌ನ) ಸಿ ಸ್ವರ. ದಿನಾ ನುಡಿಸುವ ಸ್ವರ ಅದು. ಅಲ್ಲಿ ಈ 300 ವ್ಯಾಟ್ ಸ್ಪೀಕರ್ ಶುದ್ಧವಾಗಿ ನುಡಿಯುವುದು ಸುಮಾರು 100 ವ್ಯಾಟ್‌ವರೆಗೆ ಮಾತ್ರ. ಐದು ತಂತಿಯ ಗಿಟಾರ್ ಹಿಡಿದು ಬಿ ತಂತಿಯ 31 ಹರ್ಟ್ಝ್ ನುಡಿಸಿದರೆ ಕಥೆ ಇನ್ನೂ ಕಷ್ಟ. ಟ್ಯೂನಿಂಗ್‌ಗಿಂತ ಕೆಳಗೆ ಬಾಕ್ಸ್‌ನ ಗಾಳಿ ಕೋನ್ ಅನ್ನು ಹಿಡಿದುಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ಸುಮಾರು 25 ವ್ಯಾಟ್‌ಗೇ ಕೋನ್ ತನ್ನ ಮಿತಿ ಮುಟ್ಟುತ್ತದೆ.

ಇದಕ್ಕೆ ಮದ್ದೂ ಅದರಲ್ಲೇ ಇದೆ. ಫಿಲ್ಟರ್ ಪುಟದಲ್ಲಿ 38 ಹರ್ಟ್ಝ್‌ಗೆ ನಾಲ್ಕನೇ ಆರ್ಡರ್ ಹೈಪಾಸ್ ಹಾಕಿ, ಅಂದರೆ ಅದಕ್ಕಿಂತ ಕೆಳಗಿನ ಸ್ವರಗಳನ್ನು ಕಡಿದಾಗಿ ತಗ್ಗಿಸುವ ಫಿಲ್ಟರ್. 31 ಹರ್ಟ್ಝ್‌ನಲ್ಲಿ ಕೋನ್‌ನ ಆಟ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಇ ತಂತಿಗೆ ಆಗುವ ನಷ್ಟ ಸುಮಾರು 2 ಡೆಸಿಬಲ್. ಅದು ಕಿವಿಗೆ ಹೆಚ್ಚು ಗೊತ್ತಾಗುವುದಿಲ್ಲ. ಬಿ ತಂತಿಯನ್ನು ನಾವು ಗುರುತಿಸುವುದು ಹೆಚ್ಚಾಗಿ ಅದರ ಎರಡು ಪಟ್ಟಿನ 62 ಹರ್ಟ್ಝ್‌ನಿಂದ, ಹಾಗಾಗಿ ಸ್ವರವೂ ಕಳೆದುಹೋಗುವುದಿಲ್ಲ. ಇದನ್ನು ನೋಡಿದ ಮೇಲೆ ನಾನು ಆಂಪ್ಲಿಫೈಯರ್‌ಗೆ ಮುಂಚೆ ಹೈಪಾಸ್ ಇಲ್ಲದೆ ಯಾವ ಸ್ಟೇಜ್ ಮೇಲೂ ನುಡಿಸಿಲ್ಲ.

ಪೈಪ್ ವಿಷಯಕ್ಕೆ ಬರೋಣ. 4 ಇಂಚಿನ ಪಿವಿಸಿ ಪೈಪ್ ಎಲ್ಲ ಊರಲ್ಲೂ ಸಿಗುತ್ತದೆ. ಒಳಗಿನ ಅಗಲ ಹೆಚ್ಚುಕಡಿಮೆ 10 ಸೆಂಟಿಮೀಟರ್. 70 ಲೀಟರ್, 45 ಹರ್ಟ್ಝ್‌ಗೆ ಒಂದೇ ಪೈಪ್ ಹಾಕಿದರೆ 9 ಸೆಂಟಿಮೀಟರ್ ಉದ್ದ ಸಾಕು. ಆದರೆ ಗಾಳಿಯ ವೇಗದ ಗ್ರಾಫ್ ತೆರೆದರೆ 300 ವ್ಯಾಟ್‌ಗೆ ಅದು ಸೆಕೆಂಡಿಗೆ 30 ಮೀಟರ್ ದಾಟಿರುತ್ತದೆ. 17 ಮೀಟರ್ ಒಳಗಿದ್ದರೆ ಒಳ್ಳೆಯದು ಅನ್ನುವುದು ಬಾಕ್ಸ್ ಕಟ್ಟುವವರ ವಾಡಿಕೆ. ಅದಕ್ಕಿಂತ ತುಂಬ ಮೇಲೆ ಹೋದರೆ ಪೈಪ್ ಬುಸ್ ಬುಸ್ ಅನ್ನುತ್ತದೆ, ಜೋರಾದಾಗ ಬೇಸ್ ಕೂಡ ಕಡಿಮೆಯಾಗುತ್ತದೆ. ಎರಡು ಪೈಪ್ ಹಾಕಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಆದರೆ ಪ್ರತಿ ಪೈಪ್ 26 ಸೆಂಟಿಮೀಟರ್ ಉದ್ದ ಆಗಬೇಕು. ನಮ್ಮ ಆಚಾರಿ ಈ ಉದ್ದ ನೋಡಿ ಕೇಳಿದರು, "ಸಾರ್, ಇಷ್ಟುದ್ದ ಒಳಗೆ ಹೋದ್ರೆ ಹಿಂದಿನ ಹಲಗೆಗೆ ಗಾಳಿ ಹೊಡೆಯಲ್ವಾ?" ಒಳ್ಳೆಯ ಪ್ರಶ್ನೆ. "ಪೈಪ್ ಅಗಲದಷ್ಟು ಜಾಗ ಹಿಂದೆ ಬಿಡಿ ಆಚಾರ್ರೇ, ಸಾಕು" ಅಂದೆ. ಒಳಗಿನ ಆಳ 36 ಸೆಂಟಿಮೀಟರ್ ಇಟ್ಟೆವು. ಅಗಲ 40, ಎತ್ತರ 55. ಒಟ್ಟು 79 ಲೀಟರ್. ಎರಡು ಪೈಪ್‌ಗಳೇ 5 ಲೀಟರ್ ತಿನ್ನುತ್ತವೆ. ಸ್ಪೀಕರ್‌ನ ಹಿಂಭಾಗ, ಒಳಗಿನ ಅಡ್ಡಪಟ್ಟಿ ಎಲ್ಲ ಕಳೆದರೆ 70 ಉಳಿಯುತ್ತದೆ. ಈ ಕಳೆಯುವ ಲೆಕ್ಕವನ್ನು ವಿನ್‌ಐಎಸ್‌ಡಿ ತಾನಾಗಿ ಮಾಡುವುದಿಲ್ಲ, ನೀವೇ ಸೇರಿಸಿಕೊಳ್ಳಬೇಕು.

ಇಲ್ಲಿಂದ ಮುಂದೆ ಅದರ ಮಿತಿಗಳು. ಅದಕ್ಕೆ ಮರ ಗೊತ್ತಿಲ್ಲ. ಹಲಗೆ ಕಲ್ಲಿನಷ್ಟು ಗಟ್ಟಿ ಅಂತಲೇ ಅದು ಅಂದುಕೊಂಡಿರುತ್ತದೆ. ಹಲಗೆ ಅದುರಿದರೆ ಸ್ವರ ಕೆಸರಾಗುತ್ತದೆ ಅನ್ನುವುದು ಯಾವ ಗ್ರಾಫ್‌ನಲ್ಲೂ ಬರುವುದಿಲ್ಲ. ನಾನು ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈವುಡ್ ಬಳಸುತ್ತೇನೆ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಪ್ರೋಗ್ರಾಂ ಇದ್ದರೆ ಬಾಕ್ಸ್ ನೆನೆಯುವುದು ಖಚಿತ, ಐಎಸ್ 303ರ ಮಾಮೂಲಿ ಎಂಆರ್ (ತೇವ ಮಾತ್ರ ತಡೆಯುವ) ದರ್ಜೆಯ ಹಲಗೆ ಅಷ್ಟು ತಡೆಯುವುದಿಲ್ಲ. ಈ ಅಳತೆಯ ಬಾಕ್ಸ್ 18 ಎಂಎಂ ಹಲಗೆಯಲ್ಲಿ ಬರೀ ಮರವೇ 14-15 ಕಿಲೋ ತೂಗುತ್ತದೆ. 12 ಎಂಎಂ ಆದರೆ 10 ಕಿಲೋದ ಆಸುಪಾಸು. ಮೆಟ್ಟಿಲು ಹತ್ತಿ ಕಲ್ಯಾಣ ಮಂಟಪದ ಸ್ಟೇಜ್‌ಗೆ ಹೊರುವವರಿಗೆ ಆ 5 ಕಿಲೋ ದೊಡ್ಡದು. 12 ಎಂಎಂ ಹಾಕಿ, ಒಳಗೆ ಎದುರುಬದುರು ಹಲಗೆಗಳನ್ನು ಅಡ್ಡಪಟ್ಟಿಯಿಂದ ಬಿಗಿದರೆ ಬರೀ 18 ಎಂಎಂ ಬಾಕ್ಸ್‌ಗಿಂತ ಗಟ್ಟಿಯಾಗುತ್ತದೆ. ಸ್ಪೀಕರ್ ಕೂರುವ ಮುಂದಿನ ಹಲಗೆ ಮಾತ್ರ 18 ಇರಲಿ. ಮರದ ಸ್ಕ್ರೂ ಬಿಟ್ಟು ಟಿ-ನಟ್ (ಹಲಗೆಗೆ ಕಚ್ಚಿ ಕೂರುವ ಲೋಹದ ನಟ್) ಹಾಕಿಸಿ, ಬಿಚ್ಚಿ ಹಾಕಿದರೂ ತೂತು ಸಡಿಲ ಆಗುವುದಿಲ್ಲ.

ಮಧ್ಯದ ಸ್ವರಗಳ ಬಗ್ಗೆಯೂ ಅದು ಏನೂ ಹೇಳುವುದಿಲ್ಲ. ಬೆರಳು ತಂತಿಗೆ ತಾಗುವ ಸದ್ದು, ಹೆಬ್ಬೆರಳಿನಿಂದ ತಂತಿ ಹೊಡೆಯುವ ಸ್ಲ್ಯಾಪ್‌ನ ಚಟ್ ಅನ್ನುವುದು, ಇವೆಲ್ಲ ಸ್ಪೀಕರ್‌ನ ಗೆರೆಯಲ್ಲಿ ಇನ್ನೂ ಎತ್ತರದ ಸ್ವರಗಳ ಕಡೆ ಇವೆ. ಅದನ್ನು ಕಂಪನಿಯ ಹಾಳೆಯಲ್ಲೇ ನೋಡಬೇಕು. ಪೆಂಡಾಲ್‌ನಲ್ಲಿ ಆಳದ ಬೇಸ್ ಚೆನ್ನಾಗಿದ್ದೂ ಬೇಸ್ ಕೇಳಿಸುತ್ತಿಲ್ಲ ಅಂತ ಜನ ಹೇಳುವುದು ಈ ಮಧ್ಯದ ಸ್ವರ ಸಾಲದೇ ಇದ್ದಾಗಲೇ.

ಸಾಫ್ಟ್‌ವೇರಿನ ಬಳಕೆ ಅಷ್ಟೇನೂ ಸುಲಭವಲ್ಲ. ಪರದೆಯ ಅಕ್ಷರ ದೊಡ್ಡದು ಮಾಡಿಕೊಂಡಿದ್ದರೆ ಕಿಟಕಿಯ ಅಂಚು ಕತ್ತರಿಸಿ ಹೋಗುತ್ತದೆ. ಹೊಸ ಸ್ಪೀಕರ್ ಸೇರಿಸುವಾಗ ಹಾಳೆಯ ಎಲ್ಲ ಅಂಕಿಗಳನ್ನೂ ತುಂಬಿದರೆ, ಅವು ಒಂದಕ್ಕೊಂದು ಹೊಂದುತ್ತಿಲ್ಲ ಅಂತ ಉಳಿಸಲು ಬಿಡುವುದಿಲ್ಲ. ಮುಖ್ಯವಾದ ಕೆಲವನ್ನು ಮಾತ್ರ ಕೊಟ್ಟು, ಉಳಿದದ್ದನ್ನು ಅದೇ ಲೆಕ್ಕ ಹಾಕಲು ಬಿಡಬೇಕು. ಅಂಕಿಯ ಪಕ್ಕದ ಅಳತೆಯ ಹೆಸರನ್ನು ಕ್ಲಿಕ್ ಮಾಡಿದರೆ ಮಿಲಿಮೀಟರ್ ಇದ್ದದ್ದು ಇಂಚಾಗುತ್ತದೆ. ಇದನ್ನು ಗಮನಿಸದಿದ್ದರೆ ಇಡೀ ಲೆಕ್ಕ ತಪ್ಪುತ್ತದೆ. ಜೊತೆಗೆ ಬರುವ ಸ್ಪೀಕರ್ ಪಟ್ಟಿ ಹಳೆಯದು, ಅದನ್ನು ನಾನು ನಂಬುವುದಿಲ್ಲ. ಡಿಜೆಯವರು ಕಟ್ಟಿಸುವ ಮಡಚಿದ ಹಾರ್ನ್ ಬಾಕ್ಸ್‌ಗಳಿಗೂ ಇದು ಆಗುವುದಿಲ್ಲ. ಅದಕ್ಕೆ ಡೇವಿಡ್ ಮೆಕ್‌ಬೀನ್ ಅವರ ಹಾರ್ನ್‌ರೆಸ್ಪ್ ಅನ್ನುವ ಸಾಫ್ಟ್‌ವೇರ್ ಇದೆ, ಅದೂ ಉಚಿತ. ಕಲಿಯಲು ತಾಳ್ಮೆ ಬೇಕು.

ಇಷ್ಟೆಲ್ಲ ಹೇಳಿಯೂ ನಾನು ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಕಾರಣ, ಅದು ಹೇಳಿದ್ದನ್ನು ನಾವೇ ಪರೀಕ್ಷಿಸಿ ನೋಡಬಹುದು. ಬಾಕ್ಸ್ ಮುಗಿದ ಮೇಲೆ ಮೊಬೈಲ್‌ನ ಟೋನ್ ಜನರೇಟರ್ ಆ್ಯಪ್ ಅನ್ನು ಆಂಪ್ಲಿಫೈಯರ್‌ಗೆ ಜೋಡಿಸಿ. ಸದ್ದು ಸಣ್ಣದಿರಲಿ. 70 ಹರ್ಟ್ಝ್‌ನಿಂದ ನಿಧಾನಕ್ಕೆ ಕೆಳಗಿಳಿಸುತ್ತಾ ಕೋನ್ ನೋಡಿ. ಟ್ಯೂನಿಂಗ್ ಬಂದಲ್ಲಿ ಕೋನ್ ಆಡುವುದು ತೀರಾ ಕಡಿಮೆಯಾಗುತ್ತದೆ, ಪೈಪ್ ಬಾಯಿಗೆ ಕೈ ಹಿಡಿದರೆ ಗಾಳಿ ಜೋರಾಗಿ ಬಡಿಯುತ್ತದೆ. ನಮ್ಮ ಬಾಕ್ಸ್‌ನಲ್ಲಿ ಅದು 44ರ ಹತ್ತಿರ ಸಿಕ್ಕಿತು. ಆಚಾರಿ ಬಗ್ಗಿ ನೋಡಿ, "ಕೋನ್ ನಿಂತೇ ಹೋಯ್ತಲ್ಲ ಸಾರ್, ಆದ್ರೂ ಸದ್ದು ಬರ್ತಿದೆ" ಅಂತ ಖುಷಿಪಟ್ಟರು. ಆ ಸದ್ದು ಹೆಚ್ಚುಕಡಿಮೆ ಪೂರ್ತಿ ಪೈಪ್‌ನದು ಅಂತ ಅವರಿಗೆ ಹೇಳಿದೆ. ಆಮೇಲೆ ಅದೇ ಟೋನ್ ಓಡುತ್ತಿರುವಾಗ ಪ್ರತಿ ಸಂದಿನ ಹತ್ತಿರ ಊದುಬತ್ತಿ ಹಿಡಿಯಬೇಕು. ಹೊಗೆ ನಡುಗಿದ ಕಡೆ ಗಾಳಿ ಸೋರುತ್ತಿದೆ ಅಂತ ಅರ್ಥ. ಅಲ್ಲಿಗೆ ಫೆವಿಕಾಲ್ ಮರೀನ್‌ಗೆ ಮರದ ಪುಡಿ ಕಲಸಿ ಒತ್ತಿ ಮುಚ್ಚಿ, ಒಂದು ರಾತ್ರಿ ಒಣಗಲು ಬಿಟ್ಟು, ಮಾರನೇ ದಿನ ಮತ್ತೆ ಊದುಬತ್ತಿ ಹಿಡಿದು ನೋಡಿ.