ಪುಕ್ಕಟೆ ಪ್ರಿಂಟಾ, ದುಡ್ಡು ಕೊಟ್ಟ ಉರ್‌ಟೆಕ್ಸ್ಟಾ?

ಧಾರವಾಡದಲ್ಲಿ ಸಂಗೀತ ಅಂದ್ರೆ ಗುರುವಿನ ಮುಂದೆ ಕೂತು ಕಿವಿಯಿಂದ ಕಲಿಯುವುದು. ಹಾಗಾಗಿ ನಾವಿಬ್ಬರು ಮೊಜಾರ್ಟ್‌ನ ವಯಲಿನ್-ಪಿಯಾನೊ ಸೊನಾಟಾ ಹಿಡಿದಾಗ ಯಾವ ಸ್ವರಲಿಪಿ ಪುಸ್ತಕ ಕೊಳ್ಳಬೇಕು ಎಂದು ಕೇಳಲು ಸಾಧನಕೇರಿಯಲ್ಲಿ ಯಾರೂ ಸಿಗಲಿಲ್ಲ. ದಾರಿ ಎರಡು. ಐಎಂಎಸ್‌ಎಲ್‌ಪಿ ಅನ್ನುವ ಸ್ವರಲಿಪಿಗಳ ಜಾಲತಾಣದಿಂದ ಪುಕ್ಕಟೆ ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವುದು, ಇಲ್ಲಾ ಹೆನ್ಲೆ ಅಥವಾ ಬೇರೆನ್‌ರೈಟರ್ ಪ್ರಕಾಶನದ ಉರ್‌ಟೆಕ್ಸ್ಟ್, ಅಂದ್ರೆ ಸಂಗೀತಗಾರ ಬರೆದದ್ದಕ್ಕೆ ಆದಷ್ಟು ನಿಷ್ಠವಾಗಿರುವ ಮುದ್ರಣ, ತರಿಸುವುದು.

ಪುಕ್ಕಟೆಯದು ಕೆಟ್ಟದ್ದಲ್ಲ. ಆದರೆ ಅಲ್ಲಿ ಸಿಗುವುದು ಹೆಚ್ಚಾಗಿ ಹಕ್ಕು ಮುಗಿದ ಹಳೇ ಮುದ್ರಣ, ಅದರಲ್ಲಿ 19ನೇ ಶತಮಾನದ ಸಂಪಾದಕರು ತಮಗೆ ಸರಿಕಂಡಂತೆ ಸ್ಲರ್ (ಸ್ವರಗಳನ್ನು ಜೋಡಿಸಿ ನುಡಿಸುವ ಗೆರೆ), ಬೋಯಿಂಗ್ (ಕಮಾನು ಎಳೆಯುವ ಗುರುತು), ಜೋರು-ಮೆಲ್ಲಗಿನ ಗುರುತು ಸೇರಿಸಿರುತ್ತಾರೆ, ಯಾವುದು ಮೊಜಾರ್ಟ್ ಬರೆದದ್ದು ಯಾವುದು ಅವರದ್ದು ಅಂತ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನನ್ನ ಪ್ರಿಂಟ್‌ನಲ್ಲಂತೂ ಕೆಳಗಿನ ಸಾಲು ಅರ್ಧ ಕತ್ತರಿಸಿ ಹೋಗಿತ್ತು!

ಉರ್‌ಟೆಕ್ಸ್ಟ್‌ನಲ್ಲಿ ಬೆರಳಿನ ಗುರುತೇ (ಯಾವ ಸ್ವರಕ್ಕೆ ಯಾವ ಬೆರಳು ಅಂತ) ಇರುವುದಿಲ್ಲ ಅನ್ನುವುದು ಸುಮ್ನೆ ಮಾತು. ಹೆನ್ಲೆಯ ಹಲವು ಸೊನಾಟಾ ಪುಸ್ತಕಗಳಲ್ಲಿ ವಯಲಿನ್‌ಗೆ ಎರಡು ಪ್ರತಿ ಇರುತ್ತವೆ, ಒಂದು ಗುರುತು ಹಾಕಿದ್ದು, ಇನ್ನೊಂದು ಗುರುತಿಲ್ಲದೆ ಖಾಲಿ. ಗುರುತು ಇರುವುದರಲ್ಲಿ ಕಲಿತು, ಖಾಲಿಯದರಲ್ಲಿ ನಿಮ್ಮದೇ ಬೆರಳು ಬರೆದುಕೊಳ್ಳಬಹುದು.

ಬೆಲೆ ಜಾಸ್ತಿ, ನಿಜ. ಒಂದೇ ಕೃತಿಯನ್ನು ತಿಂಗಳುಗಟ್ಟಲೆ ತಿದ್ದುವವರು ಅದನ್ನೇ ಕೊಳ್ಳಿ. ಭಾನುವಾರ ನಾಲ್ವರು ಸೇರಿ ಒಂದು ಕ್ವಾರ್ಟೆಟ್ (ನಾಲ್ಕು ವಾದ್ಯಗಳ ಕೃತಿ) ನುಡಿಸಿ ನೋಡಲು ಪುಕ್ಕಟೆಯದೇ ಸಾಕು. ಅಂಚು ಬಿಟ್ಟು ಹಾಕಪ್ಪಾ ಅಂತ ಮಾತ್ರ ಜೆರಾಕ್ಸ್ ಅಂಗಡಿಯವನಿಗೆ ಮೊದಲೇ ಹೇಳಿ.