ಕ್ಲೌಡ್‌ಟ್ರೇಲ್ ಜೊತೆ ಮೂರು ಮಳೆಗಾಲ

ಮಂಗಳೂರಿನ ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯ ದಾಸ್ತಾನು, ಲೆಕ್ಕಪತ್ರ ಎಲ್ಲವೂ ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಮುಂಬೈ ರೀಜನ್‌ನ ಎರಡು ಸರ್ವರ್‌ಗಳಲ್ಲಿವೆ. ಅವನ್ನು ನೋಡಿಕೊಳ್ಳುವುದು ನಾನು ಮತ್ತು ಒಬ್ಬ ಹುಡುಗ. ಸರ್ವರ್‌ಗೆ ಯಾರನ್ನು ಬಿಡಬೇಕೆಂದು ಹೇಳುವ ಫೈರ್‌ವಾಲ್ ನಿಯಮವನ್ನು ಯಾರು ಮುಟ್ಟಿದರೂ ತಿಳಿಯಲಿ ಎಂದು ಖಾತೆಯಲ್ಲಿ ಯಾರು ಏನು ಮಾಡಿದರೆಂದು ದಾಖಲಿಸುವ ಕ್ಲೌಡ್‌ಟ್ರೇಲ್‌ಗೆ, ಬೇಕಾದ ಘಟನೆ ಕಂಡರೆ ಸುದ್ದಿ ಮುಟ್ಟಿಸುವ ಇವೆಂಟ್‌ಬ್ರಿಡ್ಜ್ ಜೋಡಿಸಿ, ಮೊಬೈಲಿಗೆ ಇಮೇಲ್ ಬರುವಂತೆ ಮಾಡಿಕೊಂಡೆ.

ಮಳೆಗಾಲದ ಲೆಕ್ಕ ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಜೂನ್ ಬಂತೆಂದರೆ ಕರೆಂಟು ಹೋಗುತ್ತದೆ. ಮನೆಯ ರೂಟರ್ ಮತ್ತೆ ಶುರುವಾಗುವಾಗ ಐಪಿ ವಿಳಾಸ ಬದಲಾಗಿರುತ್ತದೆ, ನಿನ್ನೆ ಒಳಗೆ ಬಿಟ್ಟ ಫೈರ್‌ವಾಲ್ ಇಂದು ಗುರುತೇ ಹಿಡಿಯುವುದಿಲ್ಲ. ಸುರತ್ಕಲ್‌ನ ಮನೆಯಿಂದ ಕೆಲಸ ಮಾಡುವ ನಮ್ಮ ಹುಡುಗ ಆಗ ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ ಬಾಗಿಲಾದ 22ನೇ ಪೋರ್ಟನ್ನು 0.0.0.0/0ಗೆ, ಅಂದರೆ ಇಡೀ ಜಗತ್ತಿಗೆ, ತೆರೆದುಬಿಡುತ್ತಿದ್ದ. “ಐದೇ ನಿಮಿಷ ಸರ್” ಎನ್ನುತ್ತಿದ್ದ. ತೆರೆದದ್ದಕ್ಕೆಲ್ಲ ದಾಖಲೆ ಇತ್ತು, ಮುಚ್ಚಿದ್ದಕ್ಕೆ ಇರಲಿಲ್ಲ. ಮೊದಲ ಮಳೆಗಾಲದ ಆಟಿ ತಿಂಗಳಲ್ಲಿ ಬಂದ ಅಲರ್ಟ್‌ಗಳೆಲ್ಲ ಅವನವೇ ಆಗಿ, ಕೊನೆಗೆ ನಾನು ಓದುವುದನ್ನೇ ಬಿಟ್ಟೆ. ಎಡಬ್ಲ್ಯೂಎಸ್ ಮೂಲಕವೇ ಸರ್ವರ್‌ಗೆ ಲಾಗಿನ್ ಮಾಡಿಸುವ ಸೆಷನ್ ಮ್ಯಾನೇಜರ್‌ಗೆ ಒಳಬರುವ ಪೋರ್ಟ್ ತೆರೆದಿಡಬೇಕಾಗಿಲ್ಲ. ಅದನ್ನು ರೂಢಿ ಮಾಡಿಸಿದ ಮೇಲೆ ಇಮೇಲ್ ಅಪರೂಪವಾಯಿತು, ಬಂದರೆ ಎದೆ ಧಸಕ್ಕೆನ್ನುವಂತಾಯಿತು.

ಹಾಗೆ ಬಂದದ್ದು ಎರಡನೇ ವರ್ಷದ ಜನವರಿಯಲ್ಲಿ. ವಿಂಡೋಸ್ ಸರ್ವರ್‌ನ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ 3389 ಊರಿಗೆಲ್ಲ ತೆರೆದಿತ್ತು, ಸಮಯ 20:10. ಹುಡುಗನಿಗೆ ಫೋನ್ ಮಾಡಿ, “ನಿನ್ನೆ ರಾತ್ರಿ ಎಂಟಕ್ಕೆ ಏನು ಮಾಡಿದ್ದು ಮಾರಾಯ?” ಎಂದು ಗದರಿದೆ. ಅವನು ಆಟ ನೋಡಲು ಹೋಗಿದ್ದನಂತೆ. ದಾಖಲೆಯ ಗಡಿಯಾರ ಜಾಗತಿಕ ಸಮಯವಾದ ಯುಟಿಸಿಯದ್ದು ಎಂಬುದು ಆಮೇಲೆ ಹೊಳೆಯಿತು. ಐದೂವರೆ ಗಂಟೆ ಸೇರಿಸಿದರೆ ನಡುರಾತ್ರಿ 1:40. ಬಳಕೆದಾರನ ಹೆಸರು ಹಳೆಯ ಗುತ್ತಿಗೆದಾರರದ್ದು, ಐಪಿ ವಿಳಾಸ ನಾವು ಕಂಡದ್ದೇ ಅಲ್ಲ. ಅವರ ಕೆಲಸ ಮುಗಿದಾಗಲೇ ಅವರ ಆಕ್ಸೆಸ್ ಕೀಯನ್ನು, ಅಂದರೆ ಖಾತೆಯೊಳಗೆ ಬಿಡುವ ಗುಟ್ಟಿನ ಸಂಕೇತವನ್ನು, ನಾನು ರದ್ದು ಮಾಡಬೇಕಿತ್ತು, ಮಾಡಿರಲಿಲ್ಲ. ಇಮೇಲ್ ಕೆಲವೇ ನಿಮಿಷಗಳಲ್ಲಿ ಬಂದಿತ್ತು. ನಾನು ನೋಡಿದ್ದು ಬೆಳಿಗ್ಗೆ ಆರಕ್ಕೆ.

ಇಂಥ ಅಲರ್ಟ್ ಹೊಸದಾಗಿ ಹಾಕುವವರಿಗೆ ಒಂದು ಮಾತು. ಫೈರ್‌ವಾಲ್‌ಗೆ ಎಡಬ್ಲ್ಯೂಎಸ್‌ನಲ್ಲಿ ಸೆಕ್ಯುರಿಟಿ ಗ್ರೂಪ್ ಎನ್ನುತ್ತಾರೆ. ಅದಕ್ಕೆ ಹೊಸ ನಿಯಮ ಸೇರಿದರೆ ‘ಆಥರೈಸ್ ಸೆಕ್ಯುರಿಟಿ ಗ್ರೂಪ್ ಇನ್‌ಗ್ರೆಸ್’ ಎಂದು ದಾಖಲಾಗುತ್ತದೆ. ಇದ್ದ ನಿಯಮವನ್ನೇ ತಿದ್ದಿದರೆ ‘ಮಾಡಿಫೈ ಸೆಕ್ಯುರಿಟಿ ಗ್ರೂಪ್ ರೂಲ್ಸ್’ ಎಂದು. ನಾನು ಮೊದಲನೆಯದನ್ನಷ್ಟೇ ಕಾಯುತ್ತಾ ಒಂದು ವರ್ಷ ನಿಶ್ಚಿಂತೆಯಿಂದಿದ್ದೆ. ಎಡಬ್ಲ್ಯೂಎಸ್‌ನ ವೆಬ್ ಪುಟವಾದ ಕನ್ಸೋಲ್‌ನಲ್ಲಿ ಸಿಗುವುದು 90 ದಿನಗಳ ಇತಿಹಾಸ ಮಾತ್ರ, ಅದಕ್ಕಿಂತ ಹಳೆಯದು ಬೇಕೆಂದರೆ ಟ್ರೇಲ್ (ದಾಖಲೆಯನ್ನು ಹೊರಗೆ ಕಳಿಸುವ ವ್ಯವಸ್ಥೆ) ಮಾಡಿ ಎಸ್3 ಎಂಬ ಕಡತ ಸಂಗ್ರಹದಲ್ಲಿ ಇಟ್ಟುಕೊಳ್ಳಬೇಕು. ಆ ದಾಖಲೆಗಳ ಮೊದಲ ಪ್ರತಿಗೆ ಶುಲ್ಕವಿಲ್ಲ, ಎಸ್3 ಜಾಗಕ್ಕಿದೆ. ಧಣಿಗಳು ಪ್ರಶ್ನೆ ಕೇಳುವಷ್ಟು ಬಿಲ್ ಬಂದಿಲ್ಲ.

ಈಗ 22 ಮತ್ತು 3389 ಎಲ್ಲರಿಗೂ ತೆರೆದುಕೊಂಡರೆ ಆ ನಿಯಮವನ್ನು ಅಳಿಸಿಹಾಕುವ ಲ್ಯಾಂಬ್ಡಾ ಎಂಬ, ತಾನಾಗಿಯೇ ಓಡುವ ಒಂದು ಸಣ್ಣ ಪ್ರೋಗ್ರಾಂ ಬರೆದಿಟ್ಟಿದ್ದೇನೆ. ಈ ಜುಲೈಯಲ್ಲಿ ಕರೆಂಟು ಹೋದ ರಾತ್ರಿ ಅವಸರದಲ್ಲಿ ನಾನೇ ಒಂದು ನಿಯಮ ಹಾಕಿದ್ದೆ. ಲಾಗಿನ್ ಆಗುವ ಮೊದಲೇ ಅದು ಮಾಯವಾಗಿತ್ತು.